ತೊನ್ನಿನ ಜಾಹೀರಾತು, ಮುಖದ ಟ್ಯೂಬು ಮತ್ತು ನನ್ನ ಎಡಗೈ ಮಣಿಕಟ್ಟು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬೇಸಿಗೆಯಲ್ಲಿ ಚರ್ಮದ ಆರೈಕೆ ಅಂತ ಅರ್ಧ ಪುಟದ ಲೇಖನ ಬಂದಿತ್ತು. ಸೌತೆಕಾಯಿ, ಕಡಲೆಹಿಟ್ಟು, ಲಿಂಬೆರಸ, ಎಲ್ಲ ಇತ್ತು. ಅದರ ಕೆಳಗೇ ಅಂಗೈಯಗಲದ ಚೌಕದಲ್ಲಿ ಒಂದು ಜಾಹೀರಾತು: ತೊನ್ನನ್ನು ಕೆಲವೇ ದಿನಗಳಲ್ಲಿ ಗುರುತಿಲ್ಲದಂತೆ ತೆಗೆಯುತ್ತಾರಂತೆ. ವೈದ್ಯರ ಹೆಸರಿಲ್ಲ, ಏನು ಓದಿದ್ದಾರೆಂದಿಲ್ಲ, ಒಂದು ಮೊಬೈಲ್ ನಂಬರ್ ಮಾತ್ರ. ಲೇಖನದ ಬಗ್ಗೆ ನನ್ನ ತಕರಾರು ಸಣ್ಣದು. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಹಚ್ಚಿದ ಜಾಗ ಸುಟ್ಟು ಕಪ್ಪು ಕಲೆ ನಿಲ್ಲುತ್ತದೆ, ಆ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಜಾಹೀರಾತಿನ ಬಗ್ಗೆ ಮಾತ್ರ ದೊಡ್ಡ ತಕರಾರಿದೆ. ಆ ಚೌಕದೊಳಗಿನ ಮಾತನ್ನು ನಂಬಿ ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಅಷ್ಟೇ ಅಲ್ಲ, ಬೇರೆಯವರ ಮುಖ ಸುಟ್ಟವರಲ್ಲೂ ನಾನು ಒಬ್ಬ. ಅದಕ್ಕೇ ಈ ಪತ್ರ.

ಬ್ಯಾಡಗಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಡಿ.ಫಾರ್ಮ್ ಮುಗಿಸಿ 1996ರಲ್ಲಿ ಹಾಕಿದ ಅಂಗಡಿ. ಮೆಣಸಿನಕಾಯಿ ಸೀಸನ್ನಿನಲ್ಲಿ ಊರೆಲ್ಲ ಸೀನುವಾಗ ನನ್ನ ಅಂಗಡಿಯಲ್ಲಿ ಕೆಮ್ಮಿನ ಸಿರಪ್, ಕಣ್ಣಿನ ಡ್ರಾಪ್ಸ್ ಖಾಲಿಯಾಗುತ್ತವೆ. ಉಳಿದ ಒಂಬತ್ತು ತಿಂಗಳು ಅಂಗಡಿ ನಡೆಸುವುದು ಬಿಪಿ, ಶುಗರ್ ಮಾತ್ರೆ, ಮತ್ತು ಹೇಳಿದರೆ ನಂಬುತ್ತೀರೋ ಇಲ್ಲವೋ, ಮುಖಕ್ಕೆ ಹಚ್ಚುವ ಟ್ಯೂಬ್.

ಟ್ಯೂಬ್ ಕೇಳುವವರು ಹೆಸರು ಹೇಳುವುದಿಲ್ಲ. ತೀರಿದ ಟ್ಯೂಬನ್ನು ಬಾಲದಿಂದ ಸುರುಳಿ ಸುತ್ತಿ ತಂದು ಕೌಂಟರಿನ ಮೇಲಿಟ್ಟು, "ಅಣ್ಣಾರ, ಇಂಥದ್ದ ಕೊಡ್ರಿ" ಅನ್ನುತ್ತಾರೆ. ಟ್ಯೂಬೂ ಇಲ್ಲದವರು "ಬಂಗಿಗೆ ಕೊಡ್ರಿ" (ಬಂಗು ಎಂದರೆ ಮುಖದ ಮೇಲಿನ ಕಂದು ಕಲೆ), "ಮಾರಿ ಬೆಳ್ಳಗಾಗೂದು ಕೊಡ್ರಿ" ಅನ್ನುತ್ತಾರೆ. ಕೊಟ್ಟೆ. ಇಪ್ಪತ್ತೊಂದು ವರ್ಷ ಕೊಟ್ಟೆ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಡಬ್ಬಿಯ ಮೇಲೆ ಬರೆದೇ ಇರುತ್ತದೆ: ಹೈಡ್ರೋಕ್ವಿನೋನ್ 2 ಶೇಕಡ, ಟ್ರೆಟಿನಾಯಿನ್ 0.025, ಮೊಮೆಟಾಸೋನ್ 0.1. ಮೊದಲನೆಯದು ಬಣ್ಣ ಕಟ್ಟುವುದನ್ನು ತಡೆಯುತ್ತದೆ, ಎರಡನೆಯದು ಮೇಲ್ಪದರ ಉದುರಿಸುತ್ತದೆ, ಮೂರನೆಯದು ಉರಿಯೂತ ತಗ್ಗಿಸುವ ಸ್ಟೀರಾಯ್ಡ್. ಇಂಥ ಮೂರನ್ನು ಕೂಡಿಸಿದವರು ಅಮೆರಿಕದ ಕ್ಲಿಗ್‌ಮನ್ ಎಂಬ ಚರ್ಮವೈದ್ಯರು, 1975ರಲ್ಲಿ. ಅವರು ಸೇರಿಸಿದ ಸ್ಟೀರಾಯ್ಡ್ ಬೇರೆ, ಪ್ರಮಾಣವೂ ಬೇರೆ. ಬಂಗಿಗೆ, ವೈದ್ಯರ ಕಣ್ಣೆದುರು, ಕೆಲವು ವಾರ ಮಾತ್ರ ಹಚ್ಚಬೇಕಾದ ಔಷಧ ಅದು. ನಮ್ಮ ಕೌಂಟರಿಗೆ ಬರುವ ಹೊತ್ತಿಗೆ ಸ್ನೋ-ಪೌಡರಿನ ಸಾಲಿಗೆ ಸೇರಿಹೋಗಿತ್ತು.

ಸ್ಟೀರಾಯ್ಡ್ ಮುಖ ಬೆಳ್ಳಗೆ ಮಾಡುವುದು ಹೇಗೆ ಎಂದು ಕೇಳಿದರೆ ಉತ್ತರ ಬಹಳ ಸರಳ, ಮೋಸವಿರುವುದೂ ಅಲ್ಲೇ. ಚರ್ಮದೊಳಗಿನ ಸಣ್ಣ ರಕ್ತನಾಳಗಳನ್ನು ಅದು ಕುಗ್ಗಿಸುತ್ತದೆ. ರಕ್ತ ಕಡಿಮೆಯಾದ ಚರ್ಮ ಪೇಲವವಾಗುತ್ತದೆ. ಹದಿನೈದು ದಿನದಲ್ಲಿ ನೆರೆಮನೆಯವರು "ಏನ್ ಹಚ್ಚೀಯವ್ವಾ?" ಎಂದು ಕೇಳುವಷ್ಟು ಪೇಲವ. ಅವರೂ ಬಂದು ಒಂದು ಟ್ಯೂಬ್ ಒಯ್ಯುತ್ತಾರೆ. ನಮ್ಮ ವ್ಯಾಪಾರದಲ್ಲಿ ಇಷ್ಟು ಚೆನ್ನಾಗಿ ತನ್ನನ್ನು ತಾನೇ ಮಾರಿಕೊಳ್ಳುವ ಸರಕು ಇನ್ನೊಂದಿಲ್ಲ.

2017ರ ಬೇಸಿಗೆಯಲ್ಲಿ ನನ್ನ ಅಕ್ಕನ ಮಗಳ ಮದುವೆ ಗೊತ್ತಾಯಿತು. ಹುಡುಗಿಯ ಮುಖದ ಮೇಲೆ ಒಂದಿಷ್ಟು ಮೊಡವೆಯ ಕಲೆ. "ಮಾಮಾ, ಫೋಟೋದಾಗ ಚಂದ ಕಾಣೂವಂಗ ಏನರ ಕೊಡು" ಅಂದಳು. ಹಣ ತೆಗೆದುಕೊಳ್ಳದೆ ಮೂರು ಟ್ಯೂಬ್ ಕೊಟ್ಟೆ. ಸೋದರಮಾವನ ಉಡುಗೊರೆ! ಮದುವೆಯ ಫೋಟೋ ಚೆನ್ನಾಗಿಯೇ ಬಂದವು. ಮೂರು ಟ್ಯೂಬ್ ಮುಗಿದ ಮೇಲೆ ಗಂಡನ ಮನೆಯಲ್ಲಿ ಹಚ್ಚುವುದನ್ನು ನಿಲ್ಲಿಸಿದಳು. ಒಂದು ವಾರದೊಳಗೆ ಮುಖ ಕೆಂಪಗೆ ಉರಿಯತೊಡಗಿತು, ಗಲ್ಲದ ತುಂಬ ಕೀವಿನ ಮೊಡವೆ ಎದ್ದವು. ಹೆದರಿ ಅಲ್ಲಿಯ ಅಂಗಡಿಯಲ್ಲಿ ಮತ್ತೆ ಅದೇ ಟ್ಯೂಬ್ ಕೊಂಡು ಹಚ್ಚಿದಳು, ಇಳಿಯಿತು. ಬಿಟ್ಟಳು, ಏರಿತು. ಆಷಾಢಕ್ಕೆ ತವರಿಗೆ ಬಂದಾಗ ನೋಡಿದೆ. ಕೆನ್ನೆಯ ಮೇಲೆ ಕೆಂಪು ದಾರದೆಳೆಗಳಂತೆ ರಕ್ತನಾಳ ಕಾಣುತ್ತಿದ್ದವು. ಕಿವಿಯ ಪಕ್ಕ ಎಳೆಯ ಕೂದಲು ಬೆಳೆದಿತ್ತು. ಒಲೆಯ ಮುಂದೆ ಕೂರಲಾರಳು, ಬಿಸಿಲಿಗೆ ಬರಲಾರಳು. ಅಕ್ಕ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಬೆಳಗಿನ ಪ್ಯಾಸೆಂಜರಿಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಚರ್ಮವೈದ್ಯೆ ಇದ್ದಾರೆ. ಹೆಸರು ಬರೆಯುವುದಿಲ್ಲ, ಅವರ ಬಳಿ ಈಗಿರುವ ಸರದಿಯೇ ಸಾಕಷ್ಟು ಉದ್ದವಿದೆ. ಬಾಗಿಲ ಪಕ್ಕದ ಫಲಕದಲ್ಲಿ ಎಂಬಿಬಿಎಸ್, ಎಂಡಿ, ಡಿವಿಎಲ್ ಎಂದಿತ್ತು, ಕೆಳಗೆ ಕರ್ನಾಟಕ ಮೆಡಿಕಲ್ ಕೌನ್ಸಿಲಿನ ನೋಂದಣಿ ಸಂಖ್ಯೆ. ನಾನು ಇಷ್ಟು ವರ್ಷ ಚೀಟಿಗಳ ಮೇಲೆ ಡಿವಿಎಲ್ ಓದಿದವನು, ಅದರ ಅರ್ಥ ಕೇಳಿಕೊಂಡವನಲ್ಲ. ಡಿ ಎಂದರೆ ಚರ್ಮ, ವಿ ಎಂದರೆ ಗುಪ್ತರೋಗ, ಎಲ್ ಎಂದರೆ ಲೆಪ್ರಸಿ, ಕುಷ್ಠ. ಇವತ್ತು ಲೇಸರ್ ಹೊಡೆಯುವ ಕೈ ಮೊದಲು ಕಲಿತದ್ದು ಕುಷ್ಠದ ಮಚ್ಚೆಯ ಮೇಲೆ ಹತ್ತಿ ಎಳೆದು "ಗೊತ್ತಾಗ್ತದೇನ್ರಿ?" ಎಂದು ಕೇಳುವುದನ್ನು. ಸರಕಾರಿ ದವಾಖಾನೆಯಲ್ಲಿ ಚರ್ಮದ ವಿಭಾಗವೆಂದರೆ ಮೂಲೆಯ ಕೋಣೆ, ಜನ ಮುಖ ಮುಚ್ಚಿಕೊಂಡು ಹೋಗುತ್ತಿದ್ದ ಜಾಗ. ಅಲ್ಲಿಂದ ಬಂದ ವಿದ್ಯೆ ಇದು. ಈ ವೈದ್ಯೆ ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿಗೆ ಮೂರು ವರ್ಷ, ಆಮೇಲೆ ಬೆಂಗಳೂರಿನಲ್ಲಿ ಚರ್ಮದ ಶಸ್ತ್ರಚಿಕಿತ್ಸೆಯೊಂದನ್ನೇ ಕಲಿಯಲು ಮತ್ತೊಂದು ವರ್ಷ ಕಳೆದವರು. ಒಟ್ಟು ಒಂಬತ್ತೂವರೆ ವರ್ಷ. ನಮ್ಮೂರಲ್ಲೂ ಲೇಸರ್ ಮಾಡುವ ಒಂದು ಬ್ಯೂಟಿ ಸೆಂಟರ್ ಇದೆ. ಅಲ್ಲಿ ಯಂತ್ರ ಹಿಡಿಯುವ ಹುಡುಗ ಕಲಿತದ್ದು ಹತ್ತು ದಿನ, ಯಂತ್ರ ಮಾರಿದ ಕಂಪನಿಯವರಿಂದ.

ಡಾಕ್ಟರು ಹುಡುಗಿಯ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಒಂದೇ ಪ್ರಶ್ನೆ: "ಏನ್ ಹಚ್ಚೀ, ಎಷ್ಟ್ ದಿನ, ಯಾರ್ ಕೊಟ್ರು?" ಹುಡುಗಿ ನನ್ನ ಕಡೆ ನೋಡದೆ "ಮೆಡಿಕಲ್‌ದಾಗ ಕೊಟ್ರು" ಅಂದಳು. "ನಾನ ಕೊಟ್ಟದ್ದು" ಎಂದೆ. ಡಾಕ್ಟರು ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಕಪಾಟಿನಿಂದ ಒಂದು ಆಲ್ಬಮ್ ತೆಗೆದು ಮುಂದಿಟ್ಟರು. ಕಣ್ಣು ಮುಚ್ಚಿದ ಫೋಟೋಗಳು, ಹೆಚ್ಚಿನವರು ಹೆಣ್ಣುಮಕ್ಕಳು, ಅಲ್ಲಲ್ಲಿ ಗಂಡುಹುಡುಗರು, ಎಲ್ಲರ ಮುಖದಲ್ಲೂ ಅದೇ ಕೆಂಪು. ಈ ಮುಖಕ್ಕೆ ಒಂದು ಹೆಸರೇ ಇದೆಯಂತೆ, "ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್". 2008ರಲ್ಲಿ ಕೋಲ್ಕತ್ತಾದ ಚರ್ಮವೈದ್ಯರು ಇಟ್ಟದ್ದು. ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ 2,926 ಜನರನ್ನು ನೋಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ಗೆಳತಿ, ಪಾರ್ಲರ್, ಮತ್ತೆ ನನ್ನಂಥವರು.

ಚಿಕಿತ್ಸೆ ಎಂದರೆ ಮುಖ್ಯವಾಗಿ ಬಿಡಿಸುವುದು. ಆ ಟ್ಯೂಬ್ ಪೂರ್ತಿ ಬಂದ್. ವಾಸನೆಯಿಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಸ್ಟೀರಾಯ್ಡ್ ಅಲ್ಲದ ಇನ್ನೊಂದು ಮುಲಾಮು, ಕೆಲವು ವಾರ ಡಾಕ್ಸಿಸೈಕ್ಲಿನ್ ಮಾತ್ರೆ. "ಮೊದಲ ಒಂದ್ ತಿಂಗಳು ಇನ್ನೂ ಹೆಚ್ಚಾಗ್ತದ. ಆವಾಗ ನೀ ಅಳಾಕಿ. ನನಗ ಫೋನ್ ಮಾಡು, ಆದ್ರ ಟ್ಯೂಬ್ ಮುಟ್ಟಬ್ಯಾಡ" ಎಂದರು. ಹಾಗೇ ಆಯಿತು. ಅತ್ತಳು, ಫೋನ್ ಮಾಡಿದಳು, ಟ್ಯೂಬ್ ಮುಟ್ಟಲಿಲ್ಲ. ಕೆಂಪು ಇಳಿಯಲು ಎಂಟು ತಿಂಗಳು ಹಿಡಿಯಿತು. ಕೆನ್ನೆಯ ನಾಳಗಳಲ್ಲಿ ಕೆಲವು ಇವತ್ತಿಗೂ ಇವೆ.

ಅವತ್ತು ಹೊರಡುವಾಗ ಫೀಸು ಕೊಡಲು ಕೈ ಚಾಚಿದೆ. ಡಾಕ್ಟರು ಹಣ ನೋಡಲಿಲ್ಲ, ವಾಚ್ ನೋಡಿದರು. "ಅಷ್ಟ್ ದೊಡ್ಡ ವಾಚ್ ಯಾಕ್ರಿ? ತೆಗೀರಿ."

ವಾಚಿನ ಕೆಳಗೆ ಹಳೆಯ ರೂಪಾಯಿಯಷ್ಟು ಬಿಳಿ ಮಚ್ಚೆ ಇತ್ತು. 2009ರಲ್ಲಿ ಬೇಳೆಕಾಳಿನಷ್ಟಿದ್ದದ್ದು ಐದು ವರ್ಷದಲ್ಲಿ ಬೆಳೆದು ಆಮೇಲೆ ಅಷ್ಟಕ್ಕೇ ನಿಂತಿತ್ತು. ಔಷಧಿ ಮಾರುವವನ ಕೈಯ ಮೇಲೆ ತೊನ್ನು! ಚಿಲ್ಲರೆಯನ್ನು ನನ್ನ ಅಂಗೈಗೆ ಹಾಕದೆ ಕೌಂಟರಿನ ಮೇಲಿಡುವ ಗಿರಾಕಿಗಳಿದ್ದರು. ಹೀಗೇ ಒಂದು ಪತ್ರಿಕೆಯ ಚೌಕದೊಳಗಿನ ನಂಬರಿಗೆ ಫೋನ್ ಮಾಡಿ 2012ರಲ್ಲಿ ಒಂದು ಎಣ್ಣೆ ತರಿಸಿದ್ದೆ. ಬಾವಂಚಿ ಬೀಜದ ಎಣ್ಣೆ, ಹಚ್ಚಿ ಬಿಸಿಲಿಗೆ ಕೈ ಹಿಡಿಯಬೇಕು, ಎಷ್ಟು ಹೊತ್ತು ಎಂದು ಬರೆದಿರಲಿಲ್ಲ. ಹೆಚ್ಚು ಹಿಡಿದರೆ ಬೇಗ ಗುಣ ಎಂದುಕೊಂಡು ಅರ್ಧ ತಾಸು ಹಿಡಿದೆ. ಸಂಜೆಗೆ ಬೋರೆಹಣ್ಣಿನ ಗಾತ್ರದ ನೀರುಗುಳ್ಳೆ. ಬಾವಂಚಿಯಲ್ಲಿರುವ ಸೋರಲೆನ್ ನಿಜವಾದ ಔಷಧವೇ, ಚರ್ಮವೈದ್ಯರೂ ಬಳಸುತ್ತಾರೆ. ಆದರೆ ಅವರು ಬೆಳಕನ್ನು ಸೆಕೆಂಡು-ನಿಮಿಷದ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಅಷ್ಟೊತ್ತಿಗೆ ಹದಿನಾರು ವರ್ಷ "ಊಟದ ನಂತರ, ದಿನಕ್ಕೆ ಎರಡು" ಎಂದು ಲಕೋಟೆಯ ಮೇಲೆ ಬರೆದುಕೊಟ್ಟ ನನಗೇ ಪ್ರಮಾಣ ಕೇಳಬೇಕೆನಿಸಲಿಲ್ಲ.

ಡಾಕ್ಟರು ಕೇಳಿದ್ದು ಬೇರೆ ಬೇರೆ. ವಾಚಿನ ಪಟ್ಟಿ ರಬ್ಬರಿನದೋ, ಚರ್ಮದ್ದೋ? ಮಚ್ಚೆ ಮೊದಲೋ, ವಾಚ್ ಮೊದಲೋ? ಕೆಲವು ರಬ್ಬರು, ಅಂಟುಗಳಲ್ಲಿರುವ ರಾಸಾಯನಿಕ ಚರ್ಮದ ಬಣ್ಣದ ಕಣಗಳನ್ನೇ ಕೊಲ್ಲುತ್ತದಂತೆ. ಸ್ಟಿಕ್ಕರ್ ಬೊಟ್ಟು ಹಚ್ಚುವ ಹೆಂಗಸರ ಹಣೆಯ ನಡುವೆ, ರಬ್ಬರ್ ಚಪ್ಪಲಿಯ ಪಟ್ಟಿ ತಾಗುವಲ್ಲಿ ಪಾದದ ಮೇಲೆ ಬೆಳ್ಳಗಾಗುವುದು ಇದರಿಂದಲೇ. ನನ್ನದು ಹಾಗಲ್ಲ, ಮಚ್ಚೆ ಬಂದ ಮೇಲೆ ಮುಚ್ಚಲು ತಂದ ವಾಚು. ಆಮೇಲೆ ಒಂದು ಪಾರದರ್ಶಕ ಹಾಳೆಯನ್ನು ಮಣಿಕಟ್ಟಿನ ಮೇಲಿಟ್ಟು ಮಚ್ಚೆಯ ಅಂಚನ್ನು ಪೆನ್ನಿನಿಂದ ಬರೆದುಕೊಂಡರು. ಪಕ್ಕದಲ್ಲಿ ತಾರೀಖು ಹಾಕಿ ಫೈಲಿಗೆ ಸೇರಿಸಿದರು. "ಒಂದ್ ವರ್ಷ ಬಿಟ್ಟು ಬರ್ರಿ. ಗೆರಿ ದಾಟಿರಬಾರ್ದು, ಹೊಸಾದೂ ಬಂದಿರಬಾರ್ದು. ಹಂಗಿದ್ರ ಆಪರೇಷನ್ ಮಾಡ್ತೀನಿ." ಬೆಳೆಯುತ್ತಿರುವ ತೊನ್ನಿಗೆ ಕತ್ತರಿ ಹಾಕಿದರೆ ಮೈಯ ಬೇರೆ ಕಡೆಯಿಂದ ತೆಗೆದು ನೆಟ್ಟ ಚರ್ಮವೂ ಬೆಳ್ಳಗಾಗುತ್ತದೆ, ತೆಗೆದ ಜಾಗದಲ್ಲೂ ಹೊಸ ಮಚ್ಚೆ ಏಳಬಹುದು. ಅದಕ್ಕೇ ಆ ಒಂದು ವರ್ಷ. ಕೆಲವೇ ದಿನಗಳಲ್ಲಿ ಎಂದು ಬರೆಯುವವರಿಗೂ ಇವರಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಆ ಪ್ಲಾಸ್ಟಿಕ್ ಹಾಳೆಯಿಂದ.

2018ರ ಕೊನೆಗೆ ಹೋದೆ. ಹಾಳೆ ತೆಗೆದು ಮತ್ತೆ ಮಣಿಕಟ್ಟಿನ ಮೇಲಿಟ್ಟರು. ಗೆರೆಗೆ ಗೆರೆ ಕೂತಿತು.

ಆಪರೇಷನ್ ಎಂದರೆ ನಾನು ಅಂದುಕೊಂಡಿದ್ದು ಬೇರೆ. ಮಂಚದ ಮೇಲೆ ಮಲಗಿಸಿ, ತೊಡೆಯ ಹೊರಬದಿಗೂ ಮಣಿಕಟ್ಟಿಗೂ ಸೂಜಿಮದ್ದು ಕೊಟ್ಟರು. ಆ ಸೂಜಿಯಷ್ಟೇ ನೋವು. ಪಂಚ್ ಎಂಬ ಸಾಧನ ನೋಡಲು ರೀಫಿಲ್ಲಿನ ತುದಿಯಂತೆ, ಬಾಯಿ ಮಾತ್ರ ದುಂಡು ಬ್ಲೇಡು. ಅದನ್ನು ಮಚ್ಚೆಯ ಮೇಲೆ ಒತ್ತಿ ತಿರುಗಿಸಿ ಅರ್ಧ ಸೆಂಟಿಮೀಟರಿಗೊಂದರಂತೆ ಸಣ್ಣ ತೂತು ಮಾಡುತ್ತ ಹೋದರು. ಒಂದೊಂದೂ ಒಂದು ಮಿಲಿಮೀಟರ್. ಆಮೇಲೆ ತೊಡೆಯಿಂದ ಅಷ್ಟೇ ತುಣುಕು ತೆಗೆದರು. ಇದಕ್ಕೆ ಪಂಚ್ ತುಸು ದೊಡ್ಡದು, ಕಿತ್ತ ಚರ್ಮ ಕುಗ್ಗುತ್ತದೆಂದು. ತುಣುಕುಗಳನ್ನು ಸಲೈನಿನಲ್ಲಿ ನೆನೆದ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಸಾಸಿವೆಕಾಳಿನಷ್ಟು, ಮೇಲೆ ಕಂದು, ಕೆಳಗೆ ಬಿಳಿ. ನರ್ಸ್ ಎಣಿಸುತ್ತಿದ್ದಳು. ಮೂವತ್ತನಾಲ್ಕು. ಒಂದೊಂದನ್ನೂ ಚಿಮಟಿಯಿಂದ ಎತ್ತಿ ತೂತಿನಲ್ಲಿ ಕೂರಿಸುವಾಗ ಡಾಕ್ಟರು ಮಾತಾಡಲಿಲ್ಲ. ತಲೆಕೆಳಗಾಗಿ ಕೂತರೆ ಬದುಕುವುದಿಲ್ಲವಂತೆ. ನಾನು ಬ್ಯಾಡಗಿಯವನು, ನನಗೆ ಕಂಡದ್ದು ಮೆಣಸಿನ ಸಸಿ ಹಚ್ಚುವುದು. ಮಡಿಯಿಂದ ಕಿತ್ತ ಸಸಿಯನ್ನು ಗೇಣು ಗೇಣಿಗೆ ಊರಿ, ಬುಡ ಒತ್ತಿ, ಇನ್ನು ಅದರ ಹಣೆಬರಹ ಎಂದು ಮುಂದೆ ಸಾಗುವುದು. ಹಾಗೆಂದೆ. "ಹೌದ್ರಿ, ಆದ್ರ ಇದಕ್ಕ ನೀರ್ ಹಾಕಬ್ಯಾಡ್ರಿ, ಎಂಟ್ ದಿನ ಒಣಾನ ಇಡ್ರಿ" ಎಂದರು.

ಎಂಟನೆಯ ದಿನ ಬ್ಯಾಂಡೇಜ್ ಬಿಚ್ಚಿದಾಗ ಎರಡು ತುಣುಕು ಬಟ್ಟೆಗಂಟಿ ಬಂದವು. ಮೂವತ್ತೆರಡು ಉಳಿದವು. ಮೂರು ವಾರ ಏನೂ ಆಗಲಿಲ್ಲ, ಬಿಳಿ ಹೊಲದಲ್ಲಿ ಕಂದು ಚುಕ್ಕಿಗಳು, ಮೊದಲಿಗಿಂತ ಅಸಹ್ಯ. ವಾರಕ್ಕೆರಡು ಸಲ ಬೆಳಕಿನ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಓಡಾಡಿದೆ. ಐದನೆಯ ವಾರ ಒಂದು ಚುಕ್ಕಿಯ ಸುತ್ತ ಹೊಗೆಯಂತೆ ಬಣ್ಣ ಹರಡಿದ್ದು ಕಂಡೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಭೂತಗನ್ನಡಿ ಹಿಡಿದು ನೋಡಿದೆ, ಹೆಂಡತಿಯನ್ನು ಕರೆದು ತೋರಿಸಿದೆ. ನಾಲ್ಕು ತಿಂಗಳಿಗೆ ಚುಕ್ಕಿ ಚುಕ್ಕಿ ಕೂಡಿದವು. ಗುರುತಿಲ್ಲದಂತೆ ಹೋಯಿತೇ? ಇಲ್ಲ. ಬೆರಳಾಡಿಸಿದರೆ ಸಣ್ಣ ಉಬ್ಬುತಗ್ಗು ತಿಳಿಯುತ್ತದೆ. ಒಂದು ಅಂಚಿನಲ್ಲಿ ಗೆರೆಯಷ್ಟು ಬಿಳಿ ಉಳಿದಿದೆ. ಹೀಗೇ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿ, ಬರೆಸಿ, ಸಹಿ ಹಾಕಿಸಿಕೊಂಡಿದ್ದರು. ಈಗ ವಾಚ್ ಕಟ್ಟುವುದಿಲ್ಲ, ಟೈಮ್ ಮೊಬೈಲಿನಲ್ಲಿದೆ.

ಬೆಳಕಿನ ಚಿಕಿತ್ಸೆಗೆ ಓಡಾಡಿದ ದಿನಗಳಲ್ಲಿ ಆ ಬೆಂಚಿನ ಮೇಲೆ ಕೂತು ಕಂಡದ್ದು ನನ್ನ ಡಿ.ಫಾರ್ಮಿನಲ್ಲಿ ಇರಲಿಲ್ಲ. ಕಿವಿ ಚುಚ್ಚಿಸಿಕೊಂಡ ಜಾಗದಲ್ಲಿ ಗೋಲಿಯಷ್ಟು ಗಂಟು ಬೆಳೆಸಿಕೊಂಡ ಕಾಲೇಜು ಹುಡುಗಿ ಒಬ್ಬಳಿದ್ದಳು. ಕೆಲಾಯ್ಡ್. ಬೇರೆ ಕಡೆ ಕೊಯ್ಸಿಕೊಂಡಿದ್ದಳು, ಆರು ತಿಂಗಳಿಗೆ ಎರಡರಷ್ಟಾಗಿ ಬಂದಿತ್ತು. ಅದನ್ನು ಬರೀ ಕೊಯ್ದರೆ ಹಟಕ್ಕೆ ಬಿದ್ದಂತೆ ಬೆಳೆಯುತ್ತದೆ. ಗಂಟಿನೊಳಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ತಿಂಗಳಿಗೊಮ್ಮೆ ಕೊಟ್ಟು ಕರಗಿಸುತ್ತಿದ್ದರು. ಮುಖಕ್ಕೆ ವಿಷವಾದ ಔಷಧ ಅಲ್ಲಿ ಮದ್ದು! ಹಿರೇಕೆರೂರು ಕಡೆಯ ಅಜ್ಜ ಒಬ್ಬರು ಮೂಗಿನ ಮೇಲಿನ ಕಪ್ಪು ಗುಳ್ಳೆಗೆ ಸುಣ್ಣ, ಬಟ್ಟೆಸೋಡಾ ಕಲಸಿ ಹಚ್ಚುತ್ತ ಎರಡು ವರ್ಷ ಕಳೆದಿದ್ದರು. ನರಹುಲಿ ಉದುರಿಸಲು ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಅದು ನರಹುಲಿಯಲ್ಲ, ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್. ಕರಿಮೈಯವರಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ಬಂದರೆ ಹೀಗೆ ಕಪ್ಪಗೇ ಕಾಣುವುದು ಹೆಚ್ಚು. ನಿಧಾನ ಬೆಳೆಯುವ ಸೌಮ್ಯ ಜಾತಿಯದು, ಬೇಗ ಕೊಯ್ದರೆ ಮುಗಿಯಿತು. ಇದನ್ನು ಪದರ ಪದರವಾಗಿ ಕೊಯ್ಯುತ್ತ, ಪ್ರತಿ ಪದರವನ್ನೂ ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಉಳಿದ ಕಡೆಯಷ್ಟೇ ಮತ್ತೆ ಕೊಯ್ಯುವ ವಿದ್ಯೆಯನ್ನು 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಸ್ ಎಂಬುವರು ಶುರುಮಾಡಿದರು. ಅವರ ಹೆಸರಿನ ಶಸ್ತ್ರಚಿಕಿತ್ಸೆಯೇ ಇದೆ. ಚರ್ಮದಲ್ಲಿ ಆಪರೇಷನ್ ಎಂಥದ್ದು, ಗುಳ್ಳೆ ಒಡೆಯುವುದಲ್ಲವೇ ಎಂದುಕೊಂಡಿದ್ದವನು ನಾನು. ಅಜ್ಜನ ಮೂಗು ಉಳಿದದ್ದು ಕಣ್ಣಾರೆ ಕಂಡ ಮೇಲೆ ಹಾಗೆ ಅನ್ನುವುದಿಲ್ಲ.

ಗಡ್ಡದ ಅಂಚು ಚೊಕ್ಕವಾಗಲೆಂದು ಲೇಸರ್ ಹೊಡೆಸಿಕೊಂಡು ಕೆನ್ನೆಯ ಮೇಲೆ ಚೌಕ ಚೌಕವಾಗಿ ಸುಟ್ಟುಕೊಂಡು ಬಂದ ಹುಡುಗನನ್ನೂ ಅಲ್ಲೇ ಕಂಡೆ. ಲೇಸರ್ ಹುಡುಕುವುದು ಕಪ್ಪನ್ನು. ಕೂದಲ ಬೇರಿನ ಕಪ್ಪು, ಚರ್ಮದ ಕಪ್ಪು ಎರಡೂ ಅದಕ್ಕೆ ಒಂದೇ. ಬಿಳಿಯರ ಚರ್ಮಕ್ಕೆ ಇಟ್ಟ ಶಕ್ತಿಯನ್ನೇ ನಮ್ಮ ಚರ್ಮಕ್ಕೆ ಇಟ್ಟರೆ ಬೇರಿಗಿಂತ ಮೊದಲು ಚರ್ಮ ಬೇಯುತ್ತದೆ. ಅದಕ್ಕೇ ಗೊತ್ತಿದ್ದವರು ನಮ್ಮ ಬಣ್ಣಕ್ಕೆ 1064 ನ್ಯಾನೋಮೀಟರ್ ತರಂಗಾಂತರದಂಥ, ಆಳಕ್ಕಿಳಿಯುವ ಬೆಳಕು ಆರಿಸಿ, ಕಿವಿಯ ಹಿಂದೆಯೋ ದವಡೆಯ ಕೆಳಗೋ ಒಂದು ಕಡೆ ಪರೀಕ್ಷೆ ಮಾಡಿ ಮುಂದುವರಿಯುತ್ತಾರೆ. ಆ ಹುಡುಗ ಹೋಗಿದ್ದು ಯಾವ ಸೆಂಟರಿಗೆ ಎಂದು ನಾನು ಕೇಳಲಿಲ್ಲ. ಕೂದಲು ನಾಟಿ, ಲೇಸರಿನಂಥ ಸೌಂದರ್ಯ ಚಿಕಿತ್ಸೆಗಳನ್ನು ತರಬೇತಿ ಪಡೆದ ವೈದ್ಯರೇ ಮಾಡಬೇಕು, ಕಾರ್ಯಾಗಾರದಲ್ಲಿ ಕೂತು, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹೇಳಬೇಕಾಗಿ ಬಂತಲ್ಲ ಎಂಬುದೇ ಸೋಜಿಗ.

ಇನ್ನು ಆರೈಕೆಯ ವಿಷಯ. ಡಾಕ್ಟರು ಹೇಳಿದ್ದರಲ್ಲಿ ನನ್ನ ಊರಿಗೆ ಹೊಂದುವುದನ್ನಷ್ಟೇ ಬರೆಯುತ್ತೇನೆ, ಸೌತೆಕಾಯಿಯವರು ಬೇಸರಿಸಬಾರದು. ಮೆಣಸಿನಕಾಯಿ ತುಂಬು (ತೊಟ್ಟು) ಮುರಿಯುವ ಹೆಣ್ಣುಮಕ್ಕಳು ಸಂಜೆ ಕೈ ಉರಿಯೆಂದು ಬಕೆಟ್ ನೀರಿನಲ್ಲಿ ಕೈ ಅದ್ದಿ ಕೂರುತ್ತಾರೆ. ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಮೊದಲು ಕೊಬ್ಬರಿ ಎಣ್ಣೆಯೋ ಅಡುಗೆ ಎಣ್ಣೆಯೋ ಹಚ್ಚಿ ತಿಕ್ಕಿ ಒರೆಸಬೇಕು, ಆಮೇಲೆ ಸೋಪು. ಕೆಲಸಕ್ಕೆ ಕೂರುವ ಮೊದಲೇ ಎಣ್ಣೆ ಸವರಿಕೊಂಡರೆ ಇನ್ನೂ ಒಳ್ಳೆಯದು. ಇಷ್ಟು ವರ್ಷ ಇದೇ ಉರಿಗೆ ನಾನು ಟ್ಯೂಬ್ ಮಾರಿದ್ದೇನೆ.

ಬಿಸಿಲಿಗೆ ಸನ್‌ಸ್ಕ್ರೀನ್ ಕೇಳಿದ ಹೊಲದ ಹೆಂಗಸೊಬ್ಬಳಿಗೆ ಡಾಕ್ಟರು ಬರೆದುಕೊಡಲಿಲ್ಲ. "ನಿನ್ನ ಗಂಡನ ಹಳೇ ಫುಲ್ ಶರ್ಟ್ ಹಾಕ್ಕೊಂಡ್ ಹೋಗ್ತೀಯಲ್ಲ, ಅದಕ್ಕಿಂತ ಚಲೋ ಸನ್‌ಸ್ಕ್ರೀನ್ ನನ್ನ ಹತ್ರ ಇಲ್ಲ" ಎಂದರು. ಸೀರೆಯ ಮೇಲೆ ಗಂಡನ ಶರ್ಟು, ತಲೆಗೆ ಟವೆಲು. ನಮ್ಮ ಕಡೆ ಕಳೆ ತೆಗೆಯಲು ಹೋಗುವವರ ಉಡುಪೇ ಅದು. ಬಂಗು ಇರುವವರಿಗೆ, ಬಿಸಿಲಿನ ಅಲರ್ಜಿ ಇರುವವರಿಗೆ ಮಾತ್ರ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ತೋರುಬೆರಳು, ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು, ಎರಡು ಮೂರು ತಾಸಿಗೊಮ್ಮೆ. ಕಡಲೆಕಾಳಿನಷ್ಟು ಸವರಿದರೆ ದುಡ್ಡು ದಂಡ.

ಕತ್ತು ಕಪ್ಪಾಗಿದೆ ಎಂದು ಕಲ್ಲಿನಿಂದ ತಿಕ್ಕಿಕೊಂಡು ಬರುವ ಮಕ್ಕಳಿದ್ದಾರೆ. ಅದು ಕೊಳೆಯಲ್ಲ. ಕತ್ತಿನ ಮಡಿಕೆ, ಕಂಕುಳು ಮಕಮಲ್ಲಿನಂತೆ ದಪ್ಪಗೆ ಕಪ್ಪಾದರೆ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸುಳಿವು. ಹಚ್ಚುವುದಕ್ಕಿಂತ ಮೊದಲು ಶುಗರ್ ಪರೀಕ್ಷೆ, ತೂಕ ಇಳಿಸುವುದು. ಈಗ ಇಂಥವರು ಬಂದರೆ ನಾನು ಟ್ಯೂಬ್ ಬದಲು ಲ್ಯಾಬಿನ ದಾರಿ ತೋರಿಸುತ್ತೇನೆ. ಹಾಗೆ ಕಳಿಸಿದ ಮೂವರಲ್ಲಿ ಒಬ್ಬ ಹುಡುಗನ ಶುಗರ್ ನೋಡಿ ಲ್ಯಾಬಿನವನೇ ಫೋನ್ ಮಾಡಿದ್ದ. ಗಜಕರ್ಣಕ್ಕೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಎರಡು ದಿನದಲ್ಲಿ ನಿಂತು ಶಿಲೀಂಧ್ರ ಒಳಗೊಳಗೇ ತೊಡೆಯಿಂದ ಹೊಟ್ಟೆಗೆ ಹಬ್ಬುತ್ತದೆ. ಇವತ್ತು ಔಷಧಕ್ಕೆ ಬಗ್ಗದ ಗಜಕರ್ಣ ಮನೆಮನೆಯಲ್ಲಿದ್ದರೆ ಅದರಲ್ಲಿ ನಮ್ಮ ಕೌಂಟರುಗಳ ಪಾಲು ದೊಡ್ಡದು.

ಕಾನೂನು ಇಲ್ಲವೆಂದಲ್ಲ. ಮೊದಲು ಮೈಮೇಲೆ ಹಚ್ಚುವ ಔಷಧಗಳಿಗೆ ಶೆಡ್ಯೂಲ್ ಎಚ್‌ನಲ್ಲಿ, ಅಂದರೆ ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕಾದ ಔಷಧಗಳ ಪಟ್ಟಿಯಲ್ಲಿ, ಒಂದು ರಿಯಾಯಿತಿ ಇತ್ತು, ನಾನು ವ್ಯಾಪಾರ ಮಾಡಿದ್ದು ಆ ಸಂದಿಯಲ್ಲಿ. 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳಿಗೆ ಆ ಸಂದಿ ಮುಚ್ಚಿತು. ಡಬ್ಬಿಯ ಎಡಬದಿಗೆ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ನಾನು ಅಂಗಡಿಯಲ್ಲಿ ಬೋರ್ಡ್ ಬರೆಸಿ ಹಾಕಿದೆ: "ಚೀಟಿ ಇಲ್ಲದೆ ಮುಖದ ಟ್ಯೂಬ್ ಕೊಡುವುದಿಲ್ಲ." ಮೊನ್ನೆ ಮಂಗಳವಾರ ಒಬ್ಬ ತಾಯಿ, ಮಗಳು ಬಂದರು. ಸುರುಳಿ ಸುತ್ತಿದ ಟ್ಯೂಬ್, ಕೆಂಪು ಕೆನ್ನೆ. ಮಣಿಕಟ್ಟು ತೋರಿಸಿದೆ, ಅಕ್ಕನ ಮಗಳ ಕಥೆ ಹೇಳಿದೆ, ಹುಬ್ಬಳ್ಳಿಯ ವಿಳಾಸ ಬರೆದುಕೊಟ್ಟೆ. "ಆತ್ರಿ" ಎಂದು ಚೀಟಿ ಮಡಚಿಟ್ಟುಕೊಂಡು ಇಳಿದು ಹೋದರು. ಹತ್ತು ನಿಮಿಷಕ್ಕೆ ಅದೇ ತಾಯಿ, ಮಗಳು ನನ್ನ ಅಂಗಡಿಯ ಮುಂದೆ ಹಾದು ಹೋದರು. ಮಗಳ ಕೈಯಲ್ಲಿ ಬೇರೆ ಅಂಗಡಿಯ ಕಾಗದದ ಚೀಲ.

ನಮ್ಮವರದು ಹೀಗೆ. ನಿಮ್ಮವರದೂ ನೋಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಕೊನೆಗೆ ಕಾಯಿಲೆಗಳದೊಂದು ಪಟ್ಟಿ ಇದೆ, ಇವುಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವಂತಿಲ್ಲ ಎಂದು. ಲ್ಯುಕೋಡರ್ಮಾ, ಅಂದರೆ ಬಿಳಿ ತೊನ್ನು, ಆ ಪಟ್ಟಿಯಲ್ಲಿದೆ. ಎಪ್ಪತ್ತು ವರ್ಷ ಹಳೆಯ ಕಾನೂನು. ನಿಮ್ಮ ಜಾಹೀರಾತು ವಿಭಾಗದವರಿಗೆ ಒಂದು ಪ್ರತಿ ಕೊಟ್ಟು ನೋಡಿ. ಚರ್ಮದ ಪ್ರಶ್ನೋತ್ತರ ಹಾಕುವಾಗ ಉತ್ತರ ಕೊಟ್ಟವರ ಓದು, ನೋಂದಣಿ ಸಂಖ್ಯೆ ಹೆಸರಿನ ಕೆಳಗೇ ಅಚ್ಚಾಗಲಿ. ಒಂದು ಸಾಲಿನ ಜಾಗ ಸಾಕು.

ಪತ್ರ ಉದ್ದವಾಯಿತು. ಕತ್ತರಿಸುವುದಿದ್ದರೆ ನನ್ನ ಮಣಿಕಟ್ಟಿನ ಭಾಗ ಕತ್ತರಿಸಿ, ಅಕ್ಕನ ಮಗಳದ್ದನ್ನು ಬಿಡಬೇಡಿ. ಅವಳನ್ನು ಕೇಳಿಯೇ ಬರೆದಿದ್ದೇನೆ. ಪತ್ರ ಪ್ರಕಟವಾಗದಿದ್ದರೂ ಸರಿಯೇ. ಮುಂದಿನ ಭಾನುವಾರ ಆ ಚೌಕ ಪುಟದಲ್ಲಿ ಇರದಿದ್ದರೆ ನಿಮಗೆ ಮುಟ್ಟಿತೆಂದು ತಿಳಿದುಕೊಳ್ಳುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಔಷಧ ವ್ಯಾಪಾರಿ
ಬ್ಯಾಡಗಿ, ಹಾವೇರಿ ಜಿಲ್ಲೆ
(ಹೆಸರು ಬೇಡ, ಹುಡುಗಿಯ ಗುರುತು ಸಿಗುತ್ತದೆ)